ಮೆಮು ಸಿಕ್ಕಿತು, ಬೋರ್ಡ್ ಮಾತ್ರ ಕಪ್ಪು!

ಹಳಿಪಕ್ಕದವ (ಕೊಪ್ಪಳ):
ತಲೆ ಕೆಟ್ಟುಹೋಗಿದೆ. ನಾನು ದಿನಾ ನೋಡುವುದು ಎಂಜಿನ್ ಎಳೆಯುವ ಗಾಡಿ, ಇಲ್ಲವೇ ಅದಿರಿನ ಗೂಡ್ಸ್. ನಿನ್ನೆ ಬೆಳಗ್ಗೆ ಗಿಣಿಗೇರಾ ಹತ್ತಿರ ಮೆಮು (ಬೇರೆ ಎಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ ಗಾಡಿ) ಬಂತು! ಈ ಲೈನಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಹನ್ನೆರಡು ಫೋಟೋ ಹೊಡೆದೆ. ಒಂದರಲ್ಲೂ ಮುಂದಿನ ಎಲ್‌ಇಡಿ ಬೋರ್ಡ್ ಸರಿ ಬಂದಿಲ್ಲ. ಕೆಲವು ಪೂರ್ತಿ ಕಪ್ಪು. ಒಂದರಲ್ಲಿ ತಲೆಕಟ್ಟು ಮಾತ್ರ ಇದೆ, ಕೆಳಗೆ ಅಕ್ಷರವೇ ಇಲ್ಲ. ಕಣ್ಣಿಗೆ ಚೆನ್ನಾಗೇ ಉರಿಯುತ್ತಿತ್ತು, ಓದುವಷ್ಟರಲ್ಲಿ ದಾಟಿಹೋಯ್ತು. ಕ್ಯಾಮೆರಾ ಕೆಟ್ಟಿದೆಯಾ?

ಅದಿರುಗೂಡ್ಸ್ (ಬಳ್ಳಾರಿ):
ಲೆನ್ಸ್ ಮುಂದಿನ ಸಿಪಿಎಲ್ (ಪ್ರತಿಫಲನ ತಗ್ಗಿಸುವ) ಫಿಲ್ಟರ್ ತೆಗೀರಿ. ಬೋರ್ಡನ್ನು ಅದೇ ನುಂಗುತ್ತದೆ.

ಇಪ್ಪತ್ತೈದುಕೆವಿ:
ಯಾವ ಕ್ಯಾಮೆರಾ, ಶಟರ್ ಎಷ್ಟು ಹೊತ್ತು ತೆರೆದಿತ್ತು? ಅದನ್ನೇ ಹೇಳಿಲ್ಲವಲ್ಲ ಅಣ್ಣಾ.

ಕೃಷ್ಣೆತೀರ (ರಾಯಚೂರು):
ಮೊದಲು ಅದು ಮೆಮುನಾ, ಡೀಸೆಲ್‌ನಲ್ಲಿ ಓಡುವ ಡೆಮುನಾ ಹೇಳಿ. ಎಷ್ಟೋ ಜನ ಡೆಮು ನೋಡಿ ಮೆಮು ಅಂತಾರೆ. ಮೇಲೆ ತಂತಿಯಿಂದ ಕರೆಂಟ್ ಎಳೆಯುವ ಪ್ಯಾಂಟೋ ಇತ್ತಾ?

ಹಳಿಪಕ್ಕದವ:
ಇತ್ತು ರೀ, ತಂತಿಗೆ ತಾಗಿಕೊಂಡೇ ಹೋಯ್ತು. ನಾನು ಕೇಳಿದ್ದು ಬೋರ್ಡ್ ಬಗ್ಗೆ.

ಕೃಷ್ಣೆತೀರ:
ಹಾಗಾದರೆ ಮೆಮುನೇ, ಒಪ್ಪಿದೆ. ಗಾಡಿ ನಂಬರ್ ಸಿಕ್ಕರೆ ನೋಡಿ: ಮೆಮುಗೆ 6ರಿಂದ ಶುರು, ಡೆಮುಗೆ 7ರಿಂದ.

ಅದಿರುಗೂಡ್ಸ್:
ಸಿಪಿಎಲ್ ತಿರುಗಿಸಿ ನೋಡಿದಿರಾ? ನನ್ನ ಮೊಬೈಲ್ ಪರದೆಯೂ ಹಾಗೇ ಕಪ್ಪಾಗಿತ್ತು.

ಇಪ್ಪತ್ತೈದುಕೆವಿ:
ಅದು ಎಲ್‌ಸಿಡಿ ಇರಬೇಕು. ಇದು ಎಲ್‌ಇಡಿ. ಸಿಪಿಎಲ್ ಇದ್ದರೆ ಸ್ವಲ್ಪ ಮಂಕಾಗಬಹುದು ಅಷ್ಟೇ, ತಲೆಕಟ್ಟು ಬಿಟ್ಟು ಉಳಿದದ್ದನ್ನು ತಿನ್ನುವುದಿಲ್ಲ.

ಹಳಿಪಕ್ಕದವ:
ಅಯ್ಯೋ, ನನ್ನ ಹತ್ತಿರ ಸಿಪಿಎಲ್ ಇಲ್ಲವೇ ಇಲ್ಲ! ಶಟರ್ 1/2000 ಸೆಕೆಂಡ್. ಓಡುವ ಗಾಡಿಗೆ ಎಲ್ಲರೂ ಅಷ್ಟೇ ಇಡೋದಲ್ವಾ?

ಇಪ್ಪತ್ತೈದುಕೆವಿ:
ಸಿಕ್ಕಿತು ಬಿಡಿ. ಆ ಬೋರ್ಡಿನ ಸಾಲುಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲ, ಒಂದಾದ ಮೇಲೊಂದು ಮಿನುಗುತ್ತವೆ. ಕಣ್ಣು ಕೂಡಿಸಿಕೊಂಡು ಓದುತ್ತದೆ. 1/2000ಕ್ಕೆ ಆ ಕ್ಷಣ ಉರಿದ ಸಾಲಷ್ಟೇ ಸಿಗುತ್ತದೆ. 1/100ಕ್ಕೆ ಇಳಿಸಿ, ಗಾಡಿಯ ಜೊತೆ ಕ್ಯಾಮೆರಾ ತಿರುಗಿಸಿ. ಆಗ ಬೆಳಕು ಹೆಚ್ಚಾಗದಂತೆ ಬಿಸಿಲಿಗೆ ಐಎಸ್‌ಒ 100, ಲೆನ್ಸ್ ಕಿಂಡಿ ಕಿರಿದಾಗಿ ಎಫ್/16. ಸೈಲೆಂಟ್ ಶಟರ್ ಬೇಡ.

ಕೃಷ್ಣೆತೀರ:
ಎಫ್/16 ಇಟ್ಟರೆ ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಬರುತ್ತದೆ. ತೋರಣಗಲ್ಲು ಕಡೆ ಸುತ್ತಿದ ಕ್ಯಾಮೆರಾ ಆದರೆ ಮುಗೀತು. ನಾನಂತೂ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುತ್ತೇನೆ. 150-600 ಲೆನ್ಸ್, ಕಾರ್ಬನ್ ಟ್ರೈಪಾಡ್, ಕೃಷ್ಣಾ ಸೇತುವೆ ಮೇಲೆ ಗಾಡಿ ಬರೋದನ್ನು ನೋಡಬೇಕು ನೀವು.

ಇಪ್ಪತ್ತೈದುಕೆವಿ:
ಟ್ರೈಪಾಡ್ ಬಗ್ಗೆ ಯಾರು ಕೇಳಿದರು?

ಹಳಿಪಕ್ಕದವ:
ಸಂಜೆ ಕೊಪ್ಪಳ ಸ್ಟೇಷನ್‌ಗೆ ಹೋಗಿ ಪ್ಲಾಟ್‌ಫಾರ್ಮಿನ ಎಲ್‌ಇಡಿ ಬೋರ್ಡ್ ಹೊಡೆದೆ. 1/2000ರಲ್ಲಿ ಅದೇ ರಗಳೆ. 1/100ರಲ್ಲಿ ಒತ್ತಕ್ಷರ ಸಮೇತ ಬಂತು! ಇನ್ನು ಮೆಮು ಮತ್ತೆ ಬರಬೇಕು. ಇವತ್ತೂ ಅದೇ ಹೊತ್ತಿಗೆ ಕಾದೆ, ಬಂದದ್ದು ಗೂಡ್ಸ್. ಹೊಸಪೇಟೆ, ಮುನಿರಾಬಾದ್ ಕಡೆ ಯಾರಾದರೂ ನೋಡಿದಿರಾ?

ಅದಿರುಗೂಡ್ಸ್:
ಇಲ್ಲ. ಅಂದಹಾಗೆ, ಸಿಪಿಎಲ್ ಯಾರಿಗಾದರೂ ಬೇಕಾ? 77 ಮಿ.ಮೀ., ಸುಮ್ನೆ ಬಿದ್ದಿದೆ.