ಬೇಲೂರು–ಹಂಪಿ–ಬಾದಾಮಿ: ಡಿ7500 ಹೊರೋದಾ, ಆರ್‌ಎಕ್ಸ್‌100 ತಗೊಳ್ಳೋದಾ?

ದಾರಿಹೋಕ:
ಡಿಸೆಂಬರ್ ಕೊನೆಗೆ ಬೇಲೂರು, ಹಳೇಬೀಡು, ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ. ಓಡಾಟ ಪೂರ್ತಿ ಬಸ್ಸು, ಆಟೋದಲ್ಲಿ. ಈಗ ಇರೋದು ನಿಕಾನ್ ಡಿ7500 ಕ್ಯಾಮೆರಾ, ಲೆನ್ಸುಗಳು 18-140, 70-300 ವಿಆರ್ (ಕೈನಡುಕ ತಡೆಯೋ ವ್ಯವಸ್ಥೆ), 35 ಎಂಎಂ ಎಫ್/1.8. ಟ್ರೈಪಾಡ್, ಚಾರ್ಜರ್, ಬ್ಯಾಗು ಸೇರಿದ್ರೆ ನಾಲ್ಕು ಕೆಜಿ ದಾಟುತ್ತೆ. ಇದನ್ನೆಲ್ಲ ಮನೇಲೇ ಬಿಟ್ಟು ಸಣ್ಣ ಕ್ಯಾಮೆರಾ ಸೋನಿ ಆರ್‌ಎಕ್ಸ್‌100 ಮಾರ್ಕ್ 7 ತಗೊಂಡ್ರೆ ಹೇಗೆ? ಮುಖ್ಯವಾಗಿ ಬೇಕಿರೋದು ಶಿಲ್ಪಗಳ ಕುಸುರಿ, ಗುಡಿ ಒಳಗಿನ ಕಂಬ, ಚಾವಣಿ. ಪ್ರಿಂಟ್ ಹಾಕಿಸೋದು 12×18 ಇಂಚಿನವರೆಗೆ. ಫೋನ್ ಸಾಕು ಅಂತ ಮಾತ್ರ ಹೇಳ್ಬೇಡಿ, ಅದು ಹೇಗೂ ಜೇಬಲ್ಲಿರುತ್ತೆ.

ಕಲ್ಕುಟಿಗ:
ಮೊದಲು ಟ್ರೈಪಾಡ್ ಮನೇಲಿಡಿ. ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಸ್ಮಾರಕಗಳಲ್ಲಿ ಮುಂಚಿತವಾಗಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸೋ ಹಾಗಿಲ್ಲ, ಗೇಟಲ್ಲೇ ತಡೀತಾರೆ. ಅಲ್ಲಿಗೆ ಅರ್ಧ ಭಾರ ಇಳೀತು.

ಆರ್‌ಎಕ್ಸ್‌100 ಮಾರ್ಕ್ 7 ಬ್ಯಾಟರಿ ಸಮೇತ 302 ಗ್ರಾಂ. ಲೆನ್ಸ್ ಫುಲ್‌ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್) ಲೆಕ್ಕದಲ್ಲಿ 24-200 ಎಂಎಂಗೆ ಸಮ, ಎಫ್/2.8ರಿಂದ 4.5. 20 ಮೆಗಾಪಿಕ್ಸೆಲ್ ಅಂದ್ರೆ ಉದ್ದಕ್ಕೆ 5472 ಪಿಕ್ಸೆಲ್, 18 ಇಂಚಿಗೆ ಹಂಚಿದ್ರೆ ಇಂಚಿಗೆ 304. ನಿಮ್ಮ ಪ್ರಿಂಟಿಗೆ ಧಾರಾಳ.

ಬೇಲೂರಿನ ಮದನಿಕೆಯರನ್ನೇ ತಗೊಳ್ಳಿ. ಕಂಬದ ತುದಿಯಿಂದ ಸೂರಿನವರೆಗೆ ಓರೆಯಾಗಿ ನಿಂತಿರ್ತಾರೆ. ನೇರ ಕೆಳಗೆ ನಿಂತು ತೆಗೆದ್ರೆ ಗಲ್ಲ, ಪಾದ ಅಷ್ಟೇ ಸಿಗೋದು. ಜಗತಿಯ (ಗುಡಿ ನಿಂತಿರೋ ಎತ್ತರದ ಕಟ್ಟೆ) ಅಂಚಿಗೋ ಕೆಳಗಿನ ಅಂಗಳಕ್ಕೋ ಹಿಂದೆ ಸರಿದು 135-200ರಲ್ಲಿ ತೆಗೀಬೇಕು. ಸೂರಿನ ನೆರಳು, ಹಿಂದೆ ಬೆಳ್ಳಗಿನ ಆಕಾಶ, ಹಾಗಾಗಿ ಮೀಟರ್ ಮೋಸ ಹೋಗುತ್ತೆ. ಸ್ಪಾಟ್ ಮೀಟರಿಂಗ್ ಹಾಕಿ, ಇಲ್ಲಾಂದ್ರೆ ಎಕ್ಸ್‌ಪೋಷರ್ +1 ಕೊಡಿ. ಎಫ್/4.5, 1/60, ಐಎಸ್‌ಒ 400ರ ಆಸುಪಾಸಲ್ಲಿ ಕೆಲಸ ಆಗುತ್ತೆ. ಅಂದಹಾಗೆ, ಮಧ್ಯಾಹ್ನದ ಬಿಸಿಲು ಕೆಟ್ಟದ್ದು ಅನ್ನೋ ಮಾತು ಇಲ್ಲಿಗೆ ಹೊಂದಲ್ಲ. ಕೆಳಗಿನ ಕಲ್ಲುಹಾಸಿನಿಂದ ಪುಟಿದ ಬೆಳಕೇ ಸೂರಿನ ಒಳಗಿನ ಕೆತ್ತನೆಯನ್ನ ಬೆಳಗೋದು.

ಒಂದೇ ಎಚ್ಚರಿಕೆ: ಒಂದಿಂಚಿನ ಸೆನ್ಸರ್‌ನಲ್ಲಿ ಎಫ್/5.6 ದಾಟಬೇಡಿ, ಡಿಫ್ರಾಕ್ಷನ್‌ನಿಂದ (ಸಣ್ಣ ಕಂಡಿಯಲ್ಲಿ ಬೆಳಕು ಹರಡೋದು) ಕುಸುರಿ ಮಂಕಾಗುತ್ತೆ. ಆಳದ ಫೋಕಸ್ ಬಗ್ಗೆ ಚಿಂತೆ ಬೇಡ, ಇದರ ಎಫ್/4 ಫುಲ್‌ಫ್ರೇಮ್‌ನ ಎಫ್/11ಕ್ಕೆ ಸಮ.

ಧೂಳುಬ್ರಷ್:
ಮೇಲಿನ ಲೆಕ್ಕ ಸರಿ, ಆದ್ರೆ ಹಂಪಿ ಧೂಳಿನ ಮಾತೇ ಬಂದಿಲ್ಲ. ಆರ್‌ಎಕ್ಸ್‌100ಕ್ಕೆ ವೆದರ್ ಸೀಲಿಂಗ್ ಇಲ್ಲ. ಆನ್ ಮಾಡಿದಾಗಲೆಲ್ಲ ಲೆನ್ಸಿನ ಕೊಳವೆ ಹೊರಗೆ ಬಂದು ಒಳಗೆ ಹೋಗುತ್ತೆ, ಸಂದಿಯ ಮರಳನ್ನೂ ಜೊತೆಗೆ ಎಳ್ಕೊಳ್ಳುತ್ತೆ. ಒಂದು ಕಾಳು ಸಿಕ್ಕಿಕೊಂಡ್ರೂ ಕೊಳವೆ ಅರ್ಧಕ್ಕೇ ನಿಂತು ಎರರ್ ತೋರಿಸುತ್ತೆ, ಬಲವಂತ ಮಾಡಿದ್ರೆ ಗೇರ್ ಹೋಗುತ್ತೆ. ಸೆನ್ಸರ್ ಮೇಲೆ ಧೂಳು ಕೂತ್ರೆ ಕ್ಯಾಮೆರಾ ಬಿಚ್ಚಿಸಲೇಬೇಕು. ಡಿ7500 ಆದ್ರೆ ಮಿರರ್ ಎತ್ತಿ, ಬಾಯಿ ಕೆಳಗೆ ಮಾಡಿ, ಬ್ಲೋವರ್‌ನಿಂದ ನಾಲ್ಕು ಸಲ ಒತ್ತಿದ್ರೆ ಬಹುಪಾಲು ಉದುರುತ್ತೆ.

ತಗೊಂಡೇ ತಗೊಳ್ತೀರಿ ಅಂದ್ರೆ ಬರೀ ಪ್ಯಾಂಟಿನ ಜೇಬಿಗೆ ಹಾಕ್ಬೇಡಿ. ಜೇಬಿನ ನೂಲಿನ ಪುಡಿಯೇ ಅದರ ದೊಡ್ಡ ಶತ್ರು. ಜಿಪ್ ಇರೋ ಸಣ್ಣ ಪೌಚ್ ಇಟ್ಕೊಳ್ಳಿ.

ಬ್ಯಾಟರಿ: ಕಂಪನಿ ಲೆಕ್ಕದಲ್ಲೇ ಒಂದು ಚಾರ್ಜಿಗೆ ಸುಮಾರು 260 ಫೋಟೋ, ಡಿ7500ಕ್ಕೆ 950. ಅಂದ್ರೆ ಇದಕ್ಕೆ ಕನಿಷ್ಠ ಎರಡು ಹೆಚ್ಚುವರಿ ಬ್ಯಾಟರಿ. ಚಾರ್ಜಿಂಗ್ ಪೋರ್ಟ್ ಹಳೇ ಮೈಕ್ರೋ ಯುಎಸ್‌ಬಿ, ಫೋನಿನ ಟೈಪ್-ಸಿ ಕೇಬಲ್ ಸೇರಲ್ಲ.

ಮೂರುಸ್ಟಾಪ್:
ಇಬ್ಬರೂ ನಾಲ್ಕು ಕೆಜಿ ಒಂದು ಕಡೆ, 300 ಗ್ರಾಂ ಇನ್ನೊಂದು ಕಡೆ ಇಟ್ಟು ತೂಗ್ತಿದ್ದೀರಿ. ತೂಗಬೇಕಿರೋದು ಡಿ7500 ಜೊತೆಗೆ 18-140 ಒಂದನ್ನೇ. ಅದು 27-210ಕ್ಕೆ ಸಮ, ಹೆಚ್ಚುಕಡಿಮೆ ಸೋನಿಯ ವ್ಯಾಪ್ತಿಯೇ. ಬಾಡಿ 720, ಲೆನ್ಸ್ 490, ಒಟ್ಟು 1210 ಗ್ರಾಂ. ವ್ಯತ್ಯಾಸ 900 ಗ್ರಾಂ.

ಆ 900 ಗ್ರಾಂಗೆ ಏನು ಸಿಗುತ್ತೆ? ಡಿ7500ರ ಡಿಎಕ್ಸ್ ಸೆನ್ಸರ್ ಸೋನಿಯ ಒಂದಿಂಚಿನದಕ್ಕಿಂತ ಮೂರು ಪಟ್ಟು ದೊಡ್ಡದು, ಅಂದ್ರೆ ಒಂದೂವರೆ ಸ್ಟಾಪಿಗಿಂತ ಸ್ವಲ್ಪ ಹೆಚ್ಚು (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು). ಆದ್ರೆ ಲೆನ್ಸ್ ಎಫ್/3.5-5.6, ಸೋನಿಗಿಂತ ಸ್ಟಾಪಿನ ಮೂರನೇ ಎರಡರಷ್ಟು ನಿಧಾನ. ಕಳೆದ್ರೆ ಉಳಿಯೋದು ಒಂದೇ ಸ್ಟಾಪ್. ಸೋನಿಯಲ್ಲಿ ಐಎಸ್‌ಒ 3200ರಷ್ಟು ಕಾಳುಕಾಳಾಗಿ ಬರೋ ಫೋಟೋ ನಿಕಾನ್‌ನಲ್ಲಿ 1600ರ ಹಾಗೆ ಬರುತ್ತೆ. ಜೊತೆಗೆ ದೊಡ್ಡ ಆಪ್ಟಿಕಲ್ ವ್ಯೂಫೈಂಡರ್, ದಿನವಿಡೀ ಬರೋ ಬ್ಯಾಟರಿ. ಹೊಸ ಕ್ಯಾಮೆರಾ ದುಡ್ಡು ಉಳಿಯೋದು ಬೇರೆ ಮಾತು.

35 ಎಂಎಂ ಕೂಡ ಬೇಡ. ಅದಕ್ಕೆ ವಿಆರ್ ಇಲ್ಲ, ನಿಮ್ಮ ಬಾಡಿಯಲ್ಲೂ ಸ್ಟೆಬಿಲೈಸೇಷನ್ ಇಲ್ಲ. ನವರಂಗದ (ಗುಡಿಯ ಒಳಮಂಟಪ) ಕತ್ತಲಲ್ಲಿ ಅದನ್ನ 1/50ಕ್ಕೆ ಹಿಡೀಬೇಕು. 18-140ನ 18ರಲ್ಲಿ ಎಫ್/3.5 ಇಟ್ಟು ವಿಆರ್ ನಂಬಿ 1/15ಕ್ಕೆ ಇಳಿದ್ರೆ ಸೆನ್ಸರಿಗೆ ಬೀಳೋ ಬೆಳಕು ಹೆಚ್ಚುಕಡಿಮೆ ಅಷ್ಟೇ. ಕಲ್ಲು ಅಲ್ಲಾಡಲ್ಲವಲ್ಲ! ಆರತಿ ಹೊತ್ತಿನ ಜನರ ಮುಖ ಬೇಕು ಅಂದ್ರೆ ಮಾತ್ರ ಎಫ್/1.8ಕ್ಕೆ ಬೆಲೆ.

70-300 ಬೇಕಾ ಅನ್ನೋದನ್ನ ನಿಮ್ಮ ಹಳೇ ಫೋಟೋಗಳೇ ಹೇಳ್ತವೆ. ಲೈಟ್‌ರೂಮ್‌ನ ಮೆಟಾಡೇಟಾ ಫಿಲ್ಟರ್‌ನಲ್ಲಿ ಫೋಕಲ್ ಲೆಂತ್ ಕಾಲಂ ಹಾಕಿ, ಇಷ್ಟಪಟ್ಟು ಸ್ಟಾರ್ ಕೊಟ್ಟವುಗಳಲ್ಲಿ 140 ದಾಟಿದವು ಎಷ್ಟಿವೆ ಎಣಿಸಿ. ಹಕ್ಕಿ ಬಿಟ್ಟು ಏನೂ ಇಲ್ಲದಿದ್ರೆ ಮನೇಲಿರಲಿ.

ದಾರಿಹೋಕ:
ಎಣಿಸಿ ನೋಡಿದೆ, 140ರ ಮೇಲಿರೋದು ಬರೀ ಹಕ್ಕಿ. ಹಾಗಾದ್ರೆ ಡಿ7500, 18-140. ಟ್ರೈಪಾಡ್ ಇಲ್ಲದೆ ಬೇಲೂರಿನ ಭುವನೇಶ್ವರಿ (ಚಾವಣಿಯ ಕೆತ್ತನೆ) ತೆಗೆಯೋದು ಹೇಗೆ?

ಕಲ್ಕುಟಿಗ:
ನೆಲವೇ ಟ್ರೈಪಾಡ್. ಮೊದಲು ಕೈಯಲ್ಲಿ ಹಿಡಿದೇ ಚಾವಣಿಯ ಕೆತ್ತನೆಗೆ ಆಟೋಫೋಕಸ್ ಮಾಡಿ, ಆಮೇಲೆ ಲೆನ್ಸ್ ಸ್ವಿಚ್ ಎಂ (ಮ್ಯಾನುಯಲ್ ಫೋಕಸ್) ಕಡೆಗೆ ತಳ್ಳಿ, ವಿಆರ್ ಆಫ್ ಮಾಡಿ. ಟವೆಲ್ ಮಡಿಸಿ ಹಾಸಿ ಕ್ಯಾಮೆರಾ ಅಂಗಾತ ಮಲಗಿಸಿ. ಐಪೀಸ್ ಉಬ್ಬಿರೋದ್ರಿಂದ ಬರೀ ನೆಲದ ಮೇಲೆ ವಾಲುತ್ತೆ, ಸ್ಕ್ರೀನಿಗೂ ಗೀರು ಬೀಳುತ್ತೆ. 18 ಎಂಎಂ, ಎಫ್/5.6, ಐಎಸ್‌ಒ 200, ಒಂದರಿಂದ ಎರಡು ಸೆಕೆಂಡ್. ಸೆಲ್ಫ್ ಟೈಮರ್ ಜೊತೆಗೆ ಎಕ್ಸ್‌ಪೋಷರ್ ಡಿಲೇ ಮೋಡ್ ಆನ್ ಮಾಡಿ, ಮಿರರ್ ಏಟಿನ ನಡುಕ ಹೋಗುತ್ತೆ. ಸ್ಟ್ರಾಪ್ ಲೆನ್ಸಿನ ಮುಂದೆ ಬರದ ಹಾಗೆ ಅಡಿಗೆ ಸೇರಿಸಿ. ಜನ ಕಡಿಮೆ ಇದ್ದಾಗಲೇ ಇಡಿ, ಪಕ್ಕದಲ್ಲೇ ಕೂತಿರಿ.

ಧೂಳುಬ್ರಷ್:
ಬಾದಾಮಿ ಗುಹೆಗಳ ಮೆಟ್ಟಿಲ ಮೇಲೆ ಕೋತಿಗಳಿರ್ತವೆ. ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಬೇಡ. ಕ್ಯಾಮೆರಾ ಸ್ಟ್ರಾಪ್ ಹೆಗಲಿಗೆ ನೇತುಹಾಕದೆ ಅಡ್ಡಕ್ಕೆ ಹಾಕ್ಕೊಳ್ಳಿ.