ಬೀಪ್ ಅಂದರೆ ಶುಭವೋ ಅಶುಭವೋ

ಸೀನ ಹಳೇ ವಿಡಿಯೋ ಗೇಮಿಗೆ ಅಂತ ತಾನೇ ಬೆಸೆದ ಬೋರ್ಡಿಗೆ ಪ್ಲಗ್ ಹಾಕೋಕೆ ಹೊರಟಿದ್ದ. ಮಂಜ ಗದರಿದ. "ಕೈ ತೆಗಿ. ಮೊದಲು ಮೀಟರ್ ಹಿಡಿ, ಎರಡು ತುದಿ ಕೂಡಿದ್ದರೆ ಬೀಪ್ ಅನ್ನುತ್ತೆ."

"ಅದಿರಲಿ, ಇದೇನು ಮಾಡುತ್ತೆ ಹೇಳ್ರೋ," ಎಂದ ರಾಘು. ಅವನು ಬಂದಿದ್ದು ಬೋಂಡಾಕ್ಕೆ.

"ಹಳೇ ವಿಡಿಯೋ ಗೇಮ್ 240 ಗೆರೆಯ ಚಿತ್ರ ಕಳಿಸುತ್ತೆ. ಈಗಿನ ಎಷ್ಟೋ ಟಿವಿಗಳು ಅದನ್ನ 480 ಗೆರೆಯ ಚಿತ್ರದ ಅರ್ಧ ಅಂದುಕೊಂಡು ಎರಡೆರಡು ಸೇರಿಸಿ ಹೊಲಿಯುತ್ತವೆ. ಚಿತ್ರ ಕಲಸಿಹೋಗುತ್ತೆ, ಗುಂಡಿ ಒತ್ತಿ ಎಷ್ಟೋ ಹೊತ್ತಿಗೆ ಹೀರೋ ಹಾರುತ್ತಾನೆ. ಇದು ಅದನ್ನ ಸರಿಯಾಗಿ ದೊಡ್ಡದು ಮಾಡಿ ಕೊಡುತ್ತೆ," ಎಂದ ಸೀನ.

"ತಂದ ಹಾಗೇ ಹಾಕಬಾರದಾ?"

"ಇದು ಜಿಬಿಎಸ್ 8200. ಆರ್ಕೇಡ್ ಮೆಷಿನ್‌ಗೆ ಕಂಪ್ಯೂಟರಿನ ವಿಜಿಎ ಮಾನಿಟರ್ ಕೂರಿಸೋಕೆ ಬಂದ ಅಗ್ಗದ ಚೀನಾ ಬೋರ್ಡು. ಒಳಗಿನ ಟಿವಿಯಾ 5725 ಚಿಪ್ ಚಿನ್ನ, ಅದನ್ನ ಆಡಿಸೋ ಸಾಫ್ಟ್‌ವೇರ್ ದಂಡ. ಅದಕ್ಕೇ ಇಎಸ್‌ಪಿ8266 ಅನ್ನೋ ವೈಫೈ ಚಿಪ್ ಬೆಸೆದು, ಅದಕ್ಕೆ ಜಿಬಿಎಸ್ ಕಂಟ್ರೋಲ್ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕಿದ್ದೇನೆ. ಪುಕ್ಕಟೆ ಸಿಗುತ್ತೆ."

ಮಂಜ ಮೀಟರನ್ನು 5 ವೋಲ್ಟ್ ಮತ್ತು ಗ್ರೌಂಡ್ ಮೇಲೆ ಇಟ್ಟ. ಒಂದು ಗಳಿಗೆ ಬೀಪ್, ಆಮೇಲೆ ಮೌನ.

"ಹೋಯ್ತಾ?" ಸೀನನ ಮುಖ ಬಾಡಿತು.

"ಕೆಪಾಸಿಟರ್ ತುಂಬಿಕೊಳ್ತು ಅಷ್ಟೇ. ಬಿಡದೆ ಕೂಗಿದ್ದರೆ ಶಾರ್ಟ್." ಮಂಜ ಚಿಪ್ಪಿಗೆ ಅಪ್ಪಣೆ ಒಯ್ಯೋ ಎಸ್‌ಡಿಎ, ಎಸ್‌ಸಿಎಲ್ ವೈರುಗಳ ಎರಡೂ ತುದಿ ಮುಟ್ಟಿದ. ಬೀಪ್, ಬೀಪ್. "ಇಲ್ಲಿ ಕೂಗಲೇಬೇಕು." ಆಮೇಲೆ ಆ ಎರಡರ ನಡುವೆ ಮುಟ್ಟಿದ. ಬೀಪ್.

"ಒಳ್ಳೇದಲ್ವಾ?" ರಾಘು ಕೇಳಿದ.

"ಇಲ್ಲಿ ಕೂಗಬಾರದು!"

ಎರಡು ಪಿನ್ನಿನ ನಡುವೆ ಬೆಸುಗೆಯ ಲೆಡ್ಡು ಕೂದಲೆಳೆಯಷ್ಟು ಹರಿದುಕೊಂಡಿತ್ತು. ಫ್ಲಕ್ಸ್ ಹಚ್ಚಿ ಬಿಸಿ ಐರನ್ ತುದಿ ಎಳೆದ ಮೇಲೆ ಬಿಟ್ಟಿತು.

"ಪಿ8 ಜಂಪರ್, ಆ ಎರಡು ಪಿನ್ ಕೂಡಿಸೋ ಪುಟ್ಟ ಟೋಪಿ, ಹಾಕಿದ್ದೀಯಾ?"

"ಅದು ಯಾಕೆ? ಚೆಂದಕ್ಕೆ ಇದೆ ಅಂದುಕೊಂಡೆ."

"ಹಾಕದಿದ್ದರೆ ಬೋರ್ಡಿನ ಹಳೇ ಕಂಟ್ರೋಲರ್ ಮಲಗಲ್ಲ. ಒಂದೇ ಒಲೆಗೆ ಇಬ್ಬರು ಭಟ್ಟರು ನಿಂತ ಹಾಗೆ, ಇಬ್ಬರೂ ಅದೇ ಚಿಪ್‌ಗೆ ಅಪ್ಪಣೆ ಕೊಡ್ತಾರೆ. ಚಿಪ್ಪಿನ ಸುದ್ದಿ ಇಎಸ್‌ಪಿಗೆ ತರೋ ಡೀಬಗ್ ವೈರ್?"

ಡೀಬಗ್ ವೈರ್ ನೋಡೋಕೆ ಚೆನ್ನಾಗಿಯೇ ಕೂತಿತ್ತು. ಮೆಲ್ಲಗೆ ಎಳೆದರೆ ಕೈಗೇ ಬಂತು. ಒಣ ಬೆಸುಗೆ. ನನ್ನ ಕೇಳಿದರೆ ಮೀಟರ್‌ಗಿಂತ ಈ ಎಳೆಯೋ ಪರೀಕ್ಷೆಯೇ ವಾಸಿ. ಮೀಟರ್ ಬೀಪ್ ಅಂದಿತ್ತು, ಸುಳ್ಳುಬುರುಕ.

ಎಲ್ಲಾ ಸರಿಮಾಡಿ ಕರೆಂಟ್ ಕೊಟ್ಟರು. ಹೊಗೆ ಬರಲಿಲ್ಲ. ಫೋನಿನ ವೈಫೈ ಪಟ್ಟಿಯಲ್ಲಿ ಜಿಬಿಎಸ್ ಕಂಟ್ರೋಲ್ ಹೆಸರು ಬಂತು. ಸೀನ ಕುಣಿದ. ಬೀರುವಿನಿಂದ ಚಿಕ್ಕಂದಿನ ಟಿವಿ ಗೇಮ್ ತಂದ, ಕ್ಯಾಸೆಟ್ ಊದಿ ಸಿಕ್ಕಿಸಿದ, ವೈರ್ ಎತ್ತಿದ. ಹಳದಿ ಪಿನ್ನು.

ಬೋರ್ಡಿನಲ್ಲಿದ್ದದ್ದು ಕೆಂಪು, ಹಸಿರು, ನೀಲಿ.

"ಹಸಿರಿಗೆ ಚುಚ್ಚು ಗುರು," ಎಂದ ರಾಘು.

"ಬಂದರೂ ಬ್ಲ್ಯಾಕ್ ಅಂಡ್ ವೈಟ್. ಹಳದಿಯ ಕಾಂಪೋಸಿಟ್‌ನಿಂದ ಬಣ್ಣ ಬಿಡಿಸೋ ಕೆಲಸ ಈ ಬೋರ್ಡಿಗೆ ಬರಲ್ಲ. ಅದಕ್ಕೆ ಮುಂದೆ ಇನ್ನೊಂದು ಬೋರ್ಡ್ ಬೇಕು," ಎಂದ ಮಂಜ.

ಸೀನ ಗಡಿಯಾರ ನೋಡಿದ. "ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿ ಇನ್ನೂ ತೆಗೆದಿರುತ್ತಾ?"

ರಾಘು ಕೊನೇ ಬೋಂಡಾ ಬಾಯಿಗೆ ಹಾಕಿಕೊಂಡ. "ಹೋಗು, ಬರುವಾಗ ಚಟ್ನಿ ಜಾಸ್ತಿ ಹಾಕಿಸಿಕೊಂಡು ಬಾ."