‘ಎರಡು ಮಡಿಕೆ’ ಅಂದರೆ ಎಷ್ಟು ಸಲ ಮಡಚಬೇಕು? ಹಬ್ಬದ ಕಾಗದದ ಅಲಂಕಾರದ ಮಾತುಗಳು

ಎಲ್ಲರಿಗೂ ನಮಸ್ಕಾರ.

ಹಬ್ಬಗಳ ಹೊತ್ತಿಗೆ ಮಕ್ಕಳು ಮನೆಯಲ್ಲೇ ಕೂತು ಮಾಡಬಹುದಾದ ಕಾಗದದ ಅಲಂಕಾರಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸರಪಳಿ, ತೋರಣ, ನಕ್ಷತ್ರ, ಗೂಡುದೀಪ, ಚಳಿಗಾಲಕ್ಕೆ ಹಿಮದ ಹೂ, ಇಂಥವು. ಕಾಗದ, ಕತ್ತರಿ, ಅಂಟು, ದಾರ ಇದ್ದರೆ ಸಾಕು. ಕೈಪಿಡಿಯಲ್ಲಿ ಚಿತ್ರ ಕಡಿಮೆ, ಮಾತೇ ಜಾಸ್ತಿ. ಹಾಗಾಗಿ ಒಂದೊಂದು ಮಾತೂ ಸರಿಯಾಗಿ ಕೂರಬೇಕು. ಕೆಲವು ಕಡೆ ಯಾವ ಮಾತು ಹಾಕಿದರೆ ಒಳ್ಳೆಯದು ಅಂತ ನಿಮ್ಮೆಲ್ಲರನ್ನು ಕೇಳಬೇಕಾಗಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ‘ಮಡಿಕೆ’.

‘ಹಾಳೆಯನ್ನು ಎರಡು ಮಡಿಕೆ ಮಾಡಿ’ ಎಂದು ಓದಿದರೆ ನೀವು ಎಷ್ಟು ಸಲ ಮಡಚುತ್ತೀರಿ? ಈ ಸಾಲನ್ನು ಇಬ್ಬರು ಮಕ್ಕಳಿಗೆ ಕೊಟ್ಟು ನೋಡಿದೆ. ಒಬ್ಬಳು ಒಂದೇ ಸಲ ಮಡಚಿ ‘ಆಯ್ತು’ ಅಂದಳು. ಪಕ್ಕದಲ್ಲಿದ್ದವನು ಎರಡು ಸಲ ಮಡಚಿದ. ಅವಳ ಕೈಯಲ್ಲಿ ಎರಡು ಪದರ, ಅವನ ಕೈಯಲ್ಲಿ ನಾಲ್ಕು. ಇಬ್ಬರೂ ಓದಿದ್ದನ್ನೇ ಮಾಡಿದ್ದರು.

ಇಬ್ಬರ ಕನ್ನಡವೂ ಸರಿಯೇ. ‘ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸು’ ಅಂದಾಗ ನಮಗೆ ಬೇಕಾದದ್ದು ಎರಡು ಪದರ. ‘ಇನ್ನೊಂದು ಮಡಿಕೆ ಹಾಕು’ ಅಂದಾಗ ಹೇಳುತ್ತಿರುವುದು ಮಡಚುವ ಕೆಲಸವನ್ನು. ‘ಅಂಗಿಗೆ ಮಡಿಕೆ ಬಿದ್ದಿದೆ’ ಅಂದಾಗ ತೋರಿಸುತ್ತಿರುವುದು ಗೆರೆಯನ್ನು. ಪದರ, ಮಡಚುವುದು, ಮಡಚಿದ ಗೆರೆ, ಮೂರಕ್ಕೂ ಒಂದೇ ಮಾತು. ಮಾತಾಡುವಾಗ ಇದರಿಂದ ತೊಂದರೆ ಇಲ್ಲ. ಬಟ್ಟೆ ಕಣ್ಣೆದುರೇ ಇರುತ್ತದೆ, ಹೇಳುವವರ ಕೈಯೂ ಆಡುತ್ತಿರುತ್ತದೆ. ಬರಹದಲ್ಲಿ ಆ ಆಸರೆ ಇಲ್ಲ. ಜೊತೆಗೆ ಮಣ್ಣಿನ ಮಡಕೆಯನ್ನೂ ಎಷ್ಟೋ ಜನ ಮಡಿಕೆ ಅಂತಲೇ ಬರೆಯುತ್ತಾರೆ.

ನಮ್ಮ ಹಳೆಯ ಎಣಿಕೆಯನ್ನು ನೋಡಿದರೆ ಅದು ಪದರದ ಕಡೆಗೇ ಇದೆ ಅನ್ನಿಸುತ್ತದೆ. ಇಮ್ಮಡಿ, ಮುಮ್ಮಡಿ, ನಾಲ್ಮಡಿ, ನೂರ್ಮಡಿ. ಹಾಳೆಯನ್ನು ಒಂದು ಸಲ ಮಡಚಿದರೆ ಆಗುವುದು ಇಮ್ಮಡಿ. ಇನ್ನೊಂದು ಸಲ ಮಡಚಿದರೆ ನೇರ ನಾಲ್ಮಡಿ. ಎಷ್ಟು ಸಲ ಮಡಚಿದ್ದೀರಿ ಎಂಬುದನ್ನು ಈ ಮಾತುಗಳು ಹೇಳುವುದೇ ಇಲ್ಲ. ಕೈಗೆ ಎಷ್ಟು ಪದರ ಸಿಕ್ಕಿತು ಎಂಬುದನ್ನು ಹೇಳುತ್ತವೆ. ‘ಉತ್ಸಾಹ ಇಮ್ಮಡಿಯಾಯಿತು’ ಅಂದರೆ ಎರಡರಷ್ಟು ಎಂಬ ಅರ್ಥ ಬರುವುದು ಅದಕ್ಕೇ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಎನ್ನುವಾಗ ಮಾತ್ರ ಅದೇ ಮಾತು ಎರಡನೆಯ, ಮೂರನೆಯ ಎಂಬ ಕಡೆಗೆ ಸರಿದಿದೆ. ಈ ಲೆಕ್ಕದಲ್ಲಿ ಒಂದೇ ಸಲ ಮಡಚಿದ ಹುಡುಗಿ ಹಳೆಯ ದಾರಿಯಲ್ಲೇ ಇದ್ದಾಳೆ.

ಸಲಕ್ಕೂ ಪದರಕ್ಕೂ ನಡುವಿನ ಅಂತರ ಬೇಗ ಬೆಳೆಯುತ್ತದೆ. ಅರ್ಧಕ್ಕೆ ಅರ್ಧ ಮಡಚುತ್ತಾ ಹೋದರೆ ಮೂರು ಸಲಕ್ಕೆ 8 ಪದರ, ನಾಲ್ಕಕ್ಕೆ 16, ಐದಕ್ಕೆ 32. ಮಾಮೂಲಿ ಹಾಳೆ ಆರೇಳು ಸಲದ ಹೊತ್ತಿಗೆ ಕೈಗೆ ಬಗ್ಗುವುದೇ ಇಲ್ಲ. 2002ರಲ್ಲಿ ಅಮೆರಿಕದ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ ಬಹಳ ಉದ್ದನೆಯ ಟಿಶ್ಯೂ ಕಾಗದವನ್ನು 12 ಸಲ ಅರ್ಧಕ್ಕೆ ಮಡಚಿ ತೋರಿಸಿದರು. ಅಲ್ಲಿಗೆ 4096 ಪದರ. ಇದನ್ನು ‘ಹನ್ನೆರಡು ಮಡಿಕೆ’ ಅಂತ ಬರೆದರೆ ಯಾವ ಲೆಕ್ಕ ಅಂತ ಯಾರಿಗೆ ಗೊತ್ತಾಗಬೇಕು?

ಹಬ್ಬದ ಅಲಂಕಾರದಲ್ಲಿ ಇದು ಎದ್ದು ಕಾಣುವುದು ಹಿಮದ ಹೂ ಕತ್ತರಿಸುವಾಗ. ಹಿಮದ ಹರಳಿಗೆ ಆರು ಮೂಲೆ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಗೂಡುಗಳಾಗಿ ಜೋಡಿಸಿಕೊಳ್ಳುವುದರಿಂದ ಹಾಗೆ. ಖಗೋಳ ವಿಜ್ಞಾನಿ ಯೋಹಾನೆಸ್ ಕೆಪ್ಲರ್ ಈ ಆರರ ಬಗ್ಗೆಯೇ 1611ರಲ್ಲಿ ಒಂದು ಚಿಕ್ಕ ಬರಹವನ್ನು ಹೊಸ ವರ್ಷದ ಉಡುಗೊರೆಯಾಗಿ ಬರೆದು ಸ್ನೇಹಿತರೊಬ್ಬರಿಗೆ ಕೊಟ್ಟಿದ್ದರು. ಆದರೆ ಕಾಗದವನ್ನು ಸುಮ್ನೆ ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಬರುವುದು ನಾಲ್ಕು ಇಲ್ಲವೇ ಎಂಟು ಎಸಳಿನ ಹೂ. ಆರು ಬರುವುದಿಲ್ಲ. ಆರು ಬೇಕಾದರೆ ನಡುವೆ ಒಂದು ಕಡೆ ಮೂರು ಪಾಲು ಮಾಡಲೇಬೇಕು. ಅದನ್ನು ನಾನು ಹೀಗೆ ಬರೆದಿದ್ದೇನೆ:

‘ಚೌಕದ ಕಾಗದವನ್ನು ಮೂಲೆಗೆ ಮೂಲೆ ಸೇರಿಸಿ ಒಂದು ಸಲ ಮಡಚಿ. ಎರಡು ಪದರದ ತ್ರಿಕೋನ ಆಗುತ್ತದೆ. ಮಡಚಿದ ಅಂಚನ್ನು ನಿಮ್ಮ ಕಡೆಗಿಟ್ಟುಕೊಂಡು, ಅದರ ನಟ್ಟನಡುವೆ ಬೆರಳಿಡಿ. ಬೆರಳು ತೆಗೆಯದೆ ಬಲಗಡೆಯ ಪಾಲನ್ನು ಎಡಕ್ಕೆ ಮಡಚಿ. ಎಡಗಡೆಯ ಪಾಲನ್ನು ಅದರ ಮೇಲೆ ಬಲಕ್ಕೆ ಮಡಚಿ. ಮೂರು ಪಾಲೂ ಒಂದರ ಮೇಲೊಂದು ಸರಿಸಮವಾಗಿ ಕೂರಬೇಕು. ಈಗ 6 ಪದರ. ಇದನ್ನು ನಡುವಿಗೆ ಇನ್ನೊಂದು ಸಲ ಮಡಚಿ. ಈಗ 12 ಪದರ. ಮೇಲೆ ಚಾಚಿಕೊಂಡ ತುದಿಗಳನ್ನು ಕತ್ತರಿಸಿ ತೆಗೆಯಿರಿ.’

ಮೂರು ಪಾಲು ಮಾಡುವ ಹಂತದಲ್ಲಿ ಮಡಚುವುದು ಎರಡೇ ಸಲ, ಸಿಗುವುದು ಮೂರು ಪಾಲು. ಇಲ್ಲಿ ‘ಮೂರು ಮಡಿಕೆ ಮಾಡಿ’ ಅಂದಿದ್ದರೆ ಮಗು ಮೂರು ಸಲ ಮಡಚುವ ಸಾಧ್ಯತೆಯೇ ಜಾಸ್ತಿ. ಆದ್ದರಿಂದ ಸಂಖ್ಯೆಯ ಜೊತೆ ಮಡಿಕೆ ಎಂಬ ಮಾತನ್ನು ಬಿಟ್ಟೇ ಬಿಡೋಣ ಅನ್ನುವುದು ನನ್ನ ಅಭಿಪ್ರಾಯ. ಕೆಲಸಕ್ಕೆ ‘ಸಲ’, ಸಿಕ್ಕಿದ್ದಕ್ಕೆ ‘ಪದರ’, ಉಳಿಯುವ ಗುರುತಿಗೆ ‘ಮಡಿಕೆಗೆರೆ’. ಇದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇಮ್ಮಡಿ, ನಾಲ್ಮಡಿಗಳನ್ನೇ ಮತ್ತೆ ಕಾಗದದ ಕೆಲಸಕ್ಕೆ ತರಬಹುದಿತ್ತು. ಮಕ್ಕಳಿಗೆ ಅವು ಪಠ್ಯದ ಮಾತಿನಂತೆ ಕೇಳಿಸಬಹುದು ಎಂದು ಹಿಂಜರಿಕೆ.

‘ಅರ್ಧಕ್ಕೆ ಮಡಚಿ’ ಎನ್ನುವುದೂ ಪೂರ್ತಿ ಹೇಳಿದಂತಾಗುವುದಿಲ್ಲ. ಚೌಕವನ್ನು ಉದ್ದಕ್ಕೆ ಮಡಚಿದರೂ ಅರ್ಧ, ಓರೆಯಾಗಿ ಮಡಚಿದರೂ ಅರ್ಧ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಜೋಡಿ ಇದೆ: ‘ಅಂಚಿಗೆ ಅಂಚು ಸೇರಿಸಿ’, ‘ಮೂಲೆಗೆ ಮೂಲೆ ಸೇರಿಸಿ’. ಕರ್ಣ ಎಂಬ ಗಣಿತದ ಮಾತು ಬೇಕಾಗುವುದೇ ಇಲ್ಲ. ಇದರಲ್ಲಿ ನನಗೆ ಗೊಂದಲವಿಲ್ಲ.

ಮುಂದಿನ ತೊಡಕು ಮಡಚುವ ದಿಕ್ಕಿನದು. ಗೆರೆ ಕೆಳಗಿಳಿದು ಎರಡು ಪಾಲು ಮೇಲೆದ್ದರೆ ಒಂದು ಬಗೆ. ಗೆರೆಯೇ ಮೇಲೆದ್ದು ಪಾಲುಗಳು ಹಿಂದಕ್ಕೆ ಹೋದರೆ ಇನ್ನೊಂದು. ಒರಿಗಾಮಿ ಅಂದರೆ ಕಾಗದ ಮಡಚುವ ಕಲೆ. ಅದರ ಕಲಾವಿದರಾಗಿದ್ದ ಜಪಾನಿನ ಅಕಿರಾ ಯೋಶಿಝಾವಾ ಇವೆರಡಕ್ಕೂ ಬೇರೆ ಬೇರೆ ಗೆರೆಗಳ ಗುರುತು ರೂಢಿಗೆ ತಂದರು. ಮೊದಲನೆಯದಕ್ಕೆ ತುಂಡು ತುಂಡು ಗೆರೆ, ಎರಡನೆಯದಕ್ಕೆ ನಡುನಡುವೆ ಚುಕ್ಕೆ ಇರುವ ತುಂಡುಗೆರೆ. ಇವತ್ತು ಲೋಕದಲ್ಲೆಲ್ಲ ಒರಿಗಾಮಿ ಕಲಿಸುವವರು ಅದನ್ನೇ ಬಳಸುತ್ತಾರೆ. ಜಪಾನಿ ಭಾಷೆಯಲ್ಲಿ ಇವನ್ನು ಕಣಿವೆ, ಬೆಟ್ಟ ಎಂದು ಕರೆಯುತ್ತಾರೆ. ‘ಕಣಿವೆ ಮಡಿಕೆ’, ‘ಬೆಟ್ಟದ ಮಡಿಕೆ’ ಎಂದು ನಾವೂ ಹೇಳಬಹುದು, ಆದರೆ ಅಂಗೈಯಗಲದ ಕಾಗದಕ್ಕೆ ಅವು ಭಾರ ಅನ್ನಿಸುತ್ತವೆ. ಒಳಮಡಿಕೆ, ಹೊರಮಡಿಕೆ ಅಂದರೆ ಒರಿಗಾಮಿಯಲ್ಲೇ ಇರುವ ಬೇರೆ ಎರಡು ಮಡಿಕೆಗಳ ಜೊತೆ ಗೊಂದಲವಾಗುತ್ತದೆ. ರಸ್ತೆ ಉಬ್ಬುತಗ್ಗಾಗಿದೆ ಅಂತೀವಲ್ವಾ, ಆ ಜೋಡಿಯನ್ನೇ ತೆಗೆದುಕೊಂಡು ‘ಉಬ್ಬುಗೆರೆ’, ‘ತಗ್ಗುಗೆರೆ’ ಅಂತ ಹಾಕಿದ್ದೇನೆ. ‘ಈ ಗೆರೆಯನ್ನು ಉಬ್ಬಾಗಿ ಮಡಚಿ, ಮುಂದಿನದನ್ನು ತಗ್ಗಾಗಿ ಮಡಚಿ’. ಇದಕ್ಕಿಂತ ಚೆನ್ನಾದದ್ದು ಇದ್ದರೆ ದಯವಿಟ್ಟು ಹೇಳಿ.

ಒಂದು ಉಬ್ಬು, ಒಂದು ತಗ್ಗು, ಮತ್ತೆ ಒಂದು ಉಬ್ಬು ಎಂದು ಸಾಲಾಗಿ ಮಡಚುತ್ತಾ ಹೋಗುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಅದು ನೆರಿಗೆ. ಅದರ ಕ್ರಿಯಾಪದ ‘ಹಿಡಿ’. ನೆರಿಗೆ ಮಡಚುವುದಿಲ್ಲ, ನೆರಿಗೆ ಹಿಡಿಯುತ್ತೇವೆ. ಬಟ್ಟೆಗೆ ಹೇಳುವ ಈ ಮಾತು ಕಾಗದಕ್ಕೂ ಹಾಗೇ ಒಪ್ಪುತ್ತದೆ. ನೆರಿಗೆ ಹಿಡಿದ ಪಟ್ಟಿಯ ಒಂದು ಬದಿಯನ್ನು ಒಟ್ಟು ಮಾಡಿ ಕಟ್ಟಿದರೆ ಬೀಸಣಿಗೆ. ಅದನ್ನು ಪೂರ್ತಿ ಸುತ್ತು ಬಿಡಿಸಿ ಎರಡು ತುದಿ ಅಂಟಿಸಿದರೆ ಗೋಡೆಗೆ ಹಚ್ಚುವ ದುಂಡನೆಯ ಅಲಂಕಾರ. ಇದಕ್ಕೆ ‘ನೆರಿಗೆ ಬಿಲ್ಲೆ’ ಎಂದು ಹೆಸರಿಟ್ಟಿದ್ದೇನೆ. ‘ಚಕ್ರ’ ಅಂದರೆ ತಿರುಗುವುದು ಎಂಬ ಭಾವನೆ ಬರುತ್ತದೆ, ‘ಹೂ’ ಬೇರೆ ಕಡೆ ಬಳಸಿಯಾಗಿದೆ. ಬಿಲ್ಲೆ ಚಪ್ಪಟೆಯಾಗಿ ದುಂಡಗಿರುತ್ತದೆ, ಅಷ್ಟು ಸಾಕು.

ಮಾಡಿ ನೋಡುವವರಿಗೆ ಅಳತೆಯನ್ನೂ ಹೇಳಿಬಿಡುತ್ತೇನೆ. ಪಟ್ಟಿಯ ಅಗಲವೇ ಬಿಲ್ಲೆಯ ತ್ರಿಜ್ಯ. ಹೊರಸುತ್ತು ಅದರ ಆರೂಕಾಲರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ 5 ಸೆಂಟಿಮೀಟರ್ ಅಗಲದ ಪಟ್ಟಿ 32 ಸೆಂಟಿಮೀಟರಾದರೂ ಉದ್ದ ಇರಲೇಬೇಕು. ಅಷ್ಟೇ ಇದ್ದರೆ ನೆರಿಗೆಗಳು ಪೂರ್ತಿ ಬಿಚ್ಚಿ ಚಪ್ಪಟೆಯಾಗುತ್ತವೆ. 50 ಸೆಂಟಿಮೀಟರ್‌ಗೆ ಮೇಲಿದ್ದರೆ ನೆರಿಗೆ ಎದ್ದು ನಿಲ್ಲುತ್ತದೆ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, ಆದ್ದರಿಂದ ಎರಡು ಪಟ್ಟಿ ಜೋಡಿಸಿದರೆ ಸರಿಹೋಗುತ್ತದೆ.

ದಪ್ಪ ಕಾಗದವಾದರೆ ಮಡಚುವ ಮೊದಲು ಶಾಯಿ ಮುಗಿದ ಪೆನ್ನಿನಿಂದಲೋ ಮೊಂಡು ತುದಿಯಿಂದಲೋ ಗೆರೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಮಡಿಕೆ ಅಂಕುಡೊಂಕಾಗಿ ಬಿರುಕು ಬಿಡುತ್ತದೆ. ಇದಕ್ಕೆ ‘ಗೀರು’ ಎಂದು ಬರೆಯಲು ಮನಸ್ಸಾಗಲಿಲ್ಲ. ಗೀರಿದರೆ ಮೇಲ್ಮೈ ಹರಿದಂತೆ. ‘ಒತ್ತುಗೆರೆ ಎಳೆಯಿರಿ’ ಎಂದಿದ್ದೇನೆ.

ಅಂಟಿನ ವಿಷಯದಲ್ಲಿ ಕನ್ನಡ ಎಷ್ಟು ಸೂಕ್ಷ್ಮವಾಗಿದೆ ನೋಡಿ. ಸವರು, ಬಳಿ, ಹಚ್ಚು, ಮೆತ್ತು. ನಾಲ್ಕರಲ್ಲೂ ಅಂಟು ಕಾಗದದ ಮೇಲೆ ಹೋಗುತ್ತದೆ, ಆದರೆ ಎಷ್ಟು ಹೋಗುತ್ತದೆ ಎಂಬುದು ಬೇರೆ. ಸವರಿದರೆ ತೆಳು, ಬಳಿದರೆ ಅಗಲಕ್ಕೂ, ಮೆತ್ತಿದರೆ ದಪ್ಪ. ಹಚ್ಚು ಎಲ್ಲಕ್ಕೂ ನಡೆಯುತ್ತದೆ. ಇಲ್ಲಿ ಮಾತು ತಪ್ಪಿದರೆ ಕೆಲಸವೇ ಕೆಡುತ್ತದೆ. ಗೂಡುದೀಪಕ್ಕೆ ಬಳಸುವ ತೆಳು ಕಾಗದಕ್ಕೆ ನೀರಾದ ಅಂಟು ಮೆತ್ತಿದರೆ ನಾರುಗಳು ನೀರು ಕುಡಿದು ಉಬ್ಬುತ್ತವೆ, ಒಣಗುವಾಗ ಕಾಗದ ಸುಕ್ಕಾಗುತ್ತದೆ. ಆದ್ದರಿಂದ ಅಲ್ಲಿ ‘ಕಡ್ಡಿಗೆ ಅಂಟು ಸವರಿ, ಕಾಗದಕ್ಕೆ ಬೇಡ’ ಎಂದು ಬರೆದಿದ್ದೇನೆ. ಎಲ್ಲ ಕಡೆ ‘ಅಂಟನ್ನು ಅಪ್ಲೈ ಮಾಡಿ’ ಎಂದು ಬರೆದ ಕೈಪಿಡಿಗಳನ್ನು ಓದಿದಾಗ ಬೇಸರವಾಗುತ್ತದೆ. ಎಷ್ಟು ಎಂಬುದನ್ನೂ ಸೇರಿಸಿ ಹೇಳುವ ಕ್ರಿಯಾಪದ ನಮ್ಮ ಹತ್ತಿರ ಇದೆ, ಅದನ್ನು ಬಳಸಬೇಕು.

ದಾರದ ಕೆಲಸಕ್ಕೂ ಹೀಗೇ. ಸೂಜಿಯಿಂದ ತೂತಿನ ಮೂಲಕ ದಾಟಿಸಿದರೆ ಪೋಣಿಸುವುದು, ಗಂಟು ಹಾಕುತ್ತಾ ಹೋದರೆ ಕಟ್ಟುವುದು, ಎಳೆ ಮೇಲೆ ಎಳೆ ಹಾಯಿಸಿದರೆ ಹೆಣೆಯುವುದು, ಎರಡು ಎಳೆ ಸೇರಿಸಿ ತಿರುಚಿದರೆ ಹೊಸೆಯುವುದು. ಇವುಗಳಲ್ಲಿ ‘ಹೊಸೆ’ ಇವತ್ತಿನ ಮಕ್ಕಳಿಗೆ ಗೊತ್ತಿದೆಯೇ? ಶಿಕ್ಷಕರು ಇದ್ದರೆ ತಿಳಿಸಿ.

ಹೆಸರುಗಳು ಇಷ್ಟು ಕಾಡಿಲ್ಲ. ಪಟ್ಟಿಗಳನ್ನು ಒಂದರೊಳಗೊಂದು ತೂರಿಸಿ ಅಂಟಿಸಿದ್ದು ಸರಪಳಿ, ಅದರ ಒಂದೊಂದು ಸುತ್ತು ಕೊಂಡಿ. ದಾರಕ್ಕೆ ಸಾಲಾಗಿ ಇಳಿಬಿಟ್ಟದ್ದು ತೋರಣ. ಎಳೆಗಳು ಜೋತುಬಿದ್ದರೆ ಕುಚ್ಚು. ನೂಲನ್ನು ಸುತ್ತಿ, ನಡುವೆ ಬಿಗಿದು, ಕತ್ತರಿಸಿ ದುಂಡಗೆ ಮಾಡಿದ್ದಕ್ಕೆ ಗೊಂಡೆ ಎಂದಿದ್ದೇನೆ. ಕುಚ್ಚು, ಗೊಂಡೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರೂ ಇದ್ದಾರೆ. ಆದರೂ ಎರಡು ವಸ್ತು ಇರುವಾಗ ಎರಡು ಮಾತು ಹಂಚಿಕೊಳ್ಳುವುದು ಒಳ್ಳೆಯದು.

ಒಂದೇ ಒಂದು ಹೆಸರು ಬಾಕಿ. ಚಳಿಗಾಲದ ರಜೆಯಲ್ಲಿ ಬಾಗಿಲಿಗೆ ತೂಗುಹಾಕುವ, ಎಲೆ, ಕಾಯಿ, ಕಾಗದದ ಹೂ ಸುತ್ತಿದ ಬಳೆಯಾಕಾರದ ಅಲಂಕಾರ. ಹಾರ ಎಂದರೆ ಮೆತ್ತಗೆ ಜೋಲುವುದು, ಇದು ಗಟ್ಟಿ. ಪುಷ್ಪಚಕ್ರ ಎಂದರೆ ಶ್ರದ್ಧಾಂಜಲಿ ನೆನಪಾಗುತ್ತದೆ, ಹಬ್ಬಕ್ಕೆ ಬೇಡ. ನನಗೆ ಹಿಡಿಸಿರುವುದು ‘ಸಿಂಬೆ’. ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸುತ್ತು. ಈ ಅಲಂಕಾರದ ಅಡಿಗಟ್ಟನ್ನು ಮಾಡುವುದೂ ಹಾಗೇ, ಹಳೆಯ ಕಾಗದವನ್ನು ತಿರುಚಿ, ದುಂಡಗೆ ಸುತ್ತಿ, ದಾರ ಬಿಗಿದು. ‘ಎಲೆಸಿಂಬೆ’, ‘ಹೂಸಿಂಬೆ’ ಎಂದರೆ ತಿಳಿಯುತ್ತದೆಯೇ? ಹೊರುವ ಕೆಲಸದ ಮಾತನ್ನು ಬಾಗಿಲಿಗೆ ತಂದದ್ದು ಯಾರಿಗಾದರೂ ಕಸಿವಿಸಿ ಆಗುತ್ತದೆಯೇ?

ಕೊನೆಯದಾಗಿ ಕಾಗದದ ಎಳೆಯ ಬಗ್ಗೆ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಸುದ್ದಿಪತ್ರಿಕೆ ಒಂದು ಕಡೆಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ಎಳೆದರೆ ಸೊಟ್ಟಸೊಟ್ಟಗೆ ಹೋಗುತ್ತದೆ. ಕಾರಣ ಇದೇ. ಮಡಚುವಾಗಲೂ ನಾರಿನ ದಿಕ್ಕಿಗೆ ಮಡಚಿದರೆ ಗೆರೆ ಚೊಕ್ಕ. ‘ದಾರಿಗುಂಟ’ ಎನ್ನುವ ಹಾಗೆ ‘ಎಳೆಗುಂಟ ಮಡಚಿ’ ಎಂದು ಬರೆದಿದ್ದೇನೆ, ಅದಕ್ಕೆ ಎದುರು ‘ಎಳೆಗೆ ಅಡ್ಡ’. ಮರಗೆಲಸದವರು, ನೇಯ್ಗೆಯವರು ಈ ದಿಕ್ಕಿಗೆ ತಮ್ಮದೇ ಮಾತು ಇಟ್ಟುಕೊಂಡಿರುತ್ತಾರೆ. ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಅಂಥವರಿದ್ದರೆ ಒಮ್ಮೆ ಕೇಳಿ, ಅವರು ಹೇಳಿದ ಮಾತನ್ನು ಹಾಗೇ ಬರೆದು ತಿಳಿಸಿ. ಸಿಕ್ಕರೆ ‘ಎಳೆಗುಂಟ’ವನ್ನು ತೆಗೆದು ಅದನ್ನೇ ಹಾಕುತ್ತೇನೆ.